ಗುರುವಾರದ ಖಾಲಿ ಕಾರು

ಸಾಹುಕಾರರ ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಊರಿಗೆ ಹೊರಟುಹೋದ ಮಾರನೆಯ ಬೆಳಿಗ್ಗೆ ಅಮ್ಮಾರು ಹಿತ್ತಲ ಬಾಗಿಲಲ್ಲಿ ನಿಂತು ನನ್ನನ್ನು ಕರೆದರು. ನಾನು ಆ ಮನೆಯ ಕಾರು ಓಡಿಸುತ್ತಿದ್ದವನು. ಸಾಹುಕಾರರೇ ಇಲ್ಲದ ಮೇಲೆ ಕಾರಿಗೇನು ಕೆಲಸ, ನನಗೇನು ಕೆಲಸ ಅಂದುಕೊಂಡು ಟ್ರಂಕಿಗೆ ಬಟ್ಟೆ ತುಂಬಿಟ್ಟುಕೊಂಡೇ ಕೂತಿದ್ದೆ.

"ಕಾರು ಚಾಲೂ ಮಾಡ್ತೀಯೇನಪ್ಪಾ?" ಅಂದರು.

"ಎಲ್ಲಿಗೆ ಹೋಗೋದೈತ್ರಿ ಅಮ್ಮಾರೆ?"

"ಎಲ್ಲಿಗೂ ಇಲ್ಲ. ಶೆಡ್ಡಿನಾಗೇ ಚಾಲೂ ಮಾಡು. ದಿನಾ ಯಾವೊತ್ತಿಗೆ ಮಾಡ್ತಿದ್ದೆಯೋ ಆವೊತ್ತಿಗೆ. ಸ್ವಲ್ಪ ಹೊತ್ತು ಬಿಟ್ಟು ಆರಿಸು."

ನಾನು ಯಾಕೆ ಅಂತ ಕೇಳಲಿಲ್ಲ. ಕೇಳುವ ಸಲಿಗೆಯೂ ಇರಲಿಲ್ಲ. ಆಮೇಲೆ ಅಡುಗೆ ಮನೆಯ ಹೆಂಗಸಿನಿಂದ ತಿಳಿಯಿತು. ಸಾಹುಕಾರರು ದಿನಾ ಬೆಳಿಗ್ಗೆ ಎಂಟಕ್ಕೆ ಅಕ್ಕಿ ಗಿರಣಿಗೆ ಹೊರಡುತ್ತಿದ್ದರು. ಕಾರಿನ ಸದ್ದು ಓಣಿ ದಾಟಿ ಹೋದ ಮೇಲೆ ಅಮ್ಮಾರು ತಾವು ರೊಟ್ಟಿ ಮುರಿಯುತ್ತಿದ್ದರು. ಗಂಡ ಹೋದಾಗಿನಿಂದ ಬೆಳಗಿನ ಹೊತ್ತು ತುತ್ತು ಇಳಿಯುತ್ತಿಲ್ಲವಂತೆ. ಹಾಗಾಗಿ ಆ ಸದ್ದು ಬೇಕಾಗಿತ್ತು.

ಇದು ನಡೆದದ್ದು ಶಿಕಾರಿಪುರದಲ್ಲಿ. ಮೈಸೂರು ರಾಜ್ಯ ಒಂದಾಗಿ ವರ್ಷವೋ ಒಂದೂವರೆ ವರ್ಷವೋ ಆಗಿತ್ತು. ನನಗೆ ಆಗ ಇಪ್ಪತ್ತೆಂಟು. ನಾನು ದಾವಣಗೆರೆ ಕಡೆಯ ಹಳ್ಳಿಯವನು. ಯುದ್ಧದ ಕಾಲದಲ್ಲಿ ಇದ್ದಿಲ ಹೊಗೆಯಿಂದ ಓಡುತ್ತಿದ್ದ ಬಸ್ಸುಗಳಲ್ಲಿ ಕ್ಲೀನರಾಗಿ ಸೇರಿ, ಮೈತುಂಬ ಮಸಿ ಮಾಡಿಕೊಂಡು ಕೆಲಸ ಕಲಿತವನು. ಈ ಮನೆಗೆ ಬಂದು ಮೂರು ವರ್ಷವಾಗಿತ್ತು. ಎರಡನೆಯ ವರ್ಷ ನನ್ನ ಹೆಂಡತಿ ಬಾಣಂತನಕ್ಕೆ ತವರಿಗೆ ಹೋದವಳು ಅಲ್ಲೇ ತೀರಿಕೊಂಡಳು. ಕೂಸೂ ಉಳಿಯಲಿಲ್ಲ. ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆವತ್ತಿನಿಂದ ಬಾಡಿಗೆ ಮನೆ ಬಿಟ್ಟು ಕಾರು ಶೆಡ್ಡಿಗೆ ಅಂಟಿಕೊಂಡಿದ್ದ ಕೋಣೆಯಲ್ಲಿ ಇರುತ್ತಿದ್ದೆ. ಊಟ ದೊಡ್ಡ ಮನೆಯಿಂದಲೇ ಬರುತ್ತಿತ್ತು.

ಕಾರು ಇಂಗ್ಲೆಂಡಿನಲ್ಲಿ ತಯಾರಾದದ್ದು. ಕಪ್ಪು ಬಣ್ಣ, ನಾಲ್ಕು ಸಿಲಿಂಡರು. ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿದರೆ ಎರಡನೆಯ ಸುತ್ತಿಗೋ ಮೂರನೆಯ ಸುತ್ತಿಗೋ ಹೊತ್ತಿಕೊಳ್ಳುತ್ತಿತ್ತು. ಶಿಕಾರಿಪುರದಿಂದ ಶಿರಾಳಕೊಪ್ಪದವರೆಗೆ ಎಲ್ಲರಿಗೂ ಗೊತ್ತಿದ್ದ ಗಾಡಿ ಅದು. ಸಾಹುಕಾರರು ಹಿಂದಿನ ಸೀಟಿನ ಎಡ ಮೂಲೆಯಲ್ಲಿ ಕೂತು, ಕಿಟಕಿಯ ಪರದೆ ಅರ್ಧ ಎಳೆದುಕೊಂಡು, ನಮಸ್ಕಾರ ಮಾಡಿದವರಿಗೆಲ್ಲ ಒಂದು ಕೈ ಎತ್ತುತ್ತಿದ್ದರು.

ಅಮ್ಮಾರು ಹೇಳಿದಂತೆ ನಾನು ದಿನಾ ಎಂಟಕ್ಕೆ ಶೆಡ್ಡಿನ ಬಾಗಿಲು ತೆಗೆದು ಇಂಜಿನು ಚಾಲೂ ಮಾಡುತ್ತಿದ್ದೆ. ಕಾಲು ಗಂಟೆ ಬಿಟ್ಟು ಆರಿಸುತ್ತಿದ್ದೆ. ಆಮೇಲೆ ದಿನವಿಡೀ ಕೆಲಸವಿಲ್ಲ. ಕಾರು ಒರೆಸುವುದು, ಒರೆಸಿದ್ದನ್ನೇ ಮತ್ತೆ ಒರೆಸುವುದು. ಗಿರಣಿಯನ್ನು ಸಾಹುಕಾರರ ತಮ್ಮನ ಮಗ ನೋಡಿಕೊಳ್ಳುತ್ತಿದ್ದ. ಅವನು ಸೈಕಲ್ಲಿನಲ್ಲಿ ಬರುತ್ತಿದ್ದ. ಒಂದೆರಡು ಸಲ ಶೆಡ್ಡಿನ ಬಳಿ ನಿಂತು, "ಇದನ್ನ ಮಾರೋದು ಬಿಟ್ಟು ದೊಡ್ಡವ್ವ ಹಿಂಗ್ ಹೊಗೆ ಎಬ್ಬಿಸ್ತಾಳಲ್ಲ" ಅಂದು ಹೋದ. ನಾನು ಬಾನೆಟ್ ಒರೆಸುತ್ತಲೇ ಇದ್ದೆ.

ಎರಡು ತಿಂಗಳಾಗಿರಬೇಕು. ಇಂಜಿನು ಹೊತ್ತಿಕೊಳ್ಳುವುದಕ್ಕೆ ಹಟ ಮಾಡತೊಡಗಿತು. ಹ್ಯಾಂಡಲ್ ತಿರುಗಿಸಿ ತಿರುಗಿಸಿ ರಟ್ಟೆ ಸೋಲುತ್ತಿತ್ತು. ಹೊತ್ತಿಕೊಂಡರೂ ಒಂದು ಸಿಲಿಂಡರು ಕೆಲಸ ಮಾಡದೆ ಕುಂಟುತ್ತಿತ್ತು. ಒಂದು ದಿನ ಎಂಟು ಹೋಗಿ ಒಂಬತ್ತೂವರೆ ಆಯಿತು. ಅಡುಗೆಯವಳು ಬಂದು, "ಅಮ್ಮಾರು ಇನ್ನೂ ಕುಂತೇ ಅದಾರೆ" ಅಂತ ಹೇಳಿ ಹೋದಳು.

ನಾನು ನಾಲ್ಕೂ ಪ್ಲಗ್ ಬಿಚ್ಚಿ ನೋಡಿದೆ. ಪ್ಲಗ್ಗಿನ ತುದಿಯಲ್ಲಿ ಎರಡು ತಂತಿ ಎದುರುಬದುರು ಇರುತ್ತವೆ. ಒಂದು ಪಿಂಗಾಣಿಯ ನಡುವಿನಿಂದ ಬಂದದ್ದು, ಇನ್ನೊಂದು ಪಕ್ಕದಿಂದ ಬಾಗಿ ಬಂದದ್ದು. ಅವೆರಡರ ನಡುವಿನ ಸಣ್ಣ ಸಂದಿಯಲ್ಲಿ ಕಿಡಿ ಹಾರಿದರೆ ಪೆಟ್ರೋಲು ಹೊತ್ತಿಕೊಳ್ಳುತ್ತದೆ. ನಾಲ್ಕೂ ಪ್ಲಗ್ಗಿನ ಮೂತಿ ಕರಿ ಮಸಿಯಾಗಿತ್ತು, ಬೆರಳಿಟ್ಟರೆ ಕಾಡಿಗೆಯಂತೆ ಹತ್ತುತ್ತಿತ್ತು. ಕಾರು ರಸ್ತೆಯ ಮೇಲೆ ಓಡಿದರೆ ಇಂಜಿನು ಚೆನ್ನಾಗಿ ಕಾಯ್ದು ಆ ಮಸಿ ತಾನೇ ಉರಿದುಹೋಗುತ್ತದೆ. ಶೆಡ್ಡಿನಲ್ಲಿ ನಿಂತಲ್ಲೇ ಕಾಲು ಗಂಟೆ ಓಡಿಸಿದರೆ ಅಷ್ಟು ಕಾವು ಏರುವುದಿಲ್ಲ. ಮಸಿ ಕಟ್ಟುತ್ತಾ ಹೋಗುತ್ತದೆ. ಆಮೇಲೆ ಕರೆಂಟು ಮಸಿಯ ಮೇಲೇ ಹರಿದುಹೋಗಿ ಕಿಡಿ ಹಾರುವುದಿಲ್ಲ.

ಪೆಟ್ರೋಲಿನಲ್ಲಿ ನೆನೆಸಿ, ತಂತಿ ಬ್ರಷ್ಷಿನಿಂದ ತಿಕ್ಕಿ, ಉಪ್ಪುಕಾಗದದಿಂದ ತುದಿ ಉಜ್ಜಿದೆ. ಸಂದಿ ಅಳೆಯುವುದಕ್ಕೆ ನನ್ನ ಹತ್ತಿರ ಮುರಿದ ಹ್ಯಾಕ್ಸಾ ಬ್ಲೇಡಿನ ಚೂರೊಂದಿತ್ತು. ಅದು ಸಡಿಲವೂ ಆಗದೆ ಬಿಗಿಯೂ ಆಗದೆ ಸಂದಿಯಲ್ಲಿ ಆಡಿದರೆ ಸರಿ. ಕಿಡಿ ಬರುತ್ತದೋ ಇಲ್ಲವೋ ನೋಡುವುದಕ್ಕೆ ಇಬ್ಬರು ಬೇಕು. ಒಬ್ಬ ಹ್ಯಾಂಡಲ್ ತಿರುಗಿಸಬೇಕು, ಇನ್ನೊಬ್ಬ ಪ್ಲಗ್ ನೋಡಬೇಕು. ನಾನು ಒಬ್ಬನೇ ಇದ್ದೆ. ಪ್ಲಗ್ಗನ್ನು ಇಂಜಿನಿನ ಮೇಲೆ ಒರಗಿಸಿಟ್ಟು, ಮುಂದಕ್ಕೆ ಬಂದು ಬಗ್ಗಿ ಹ್ಯಾಂಡಲ್ ತಿರುಗಿಸಿ, ತಿರುಗಿಸುತ್ತಲೇ ಕತ್ತು ಎತ್ತಿ ನೋಡುವಷ್ಟರಲ್ಲಿ ಕಿಡಿ ಬಂದು ಹೋಗಿಯೇ ಬಿಟ್ಟಿರುತ್ತಿತ್ತು. ಹೇಗೂ ಹಾಕಿದೆ. ಹೊತ್ತಿಕೊಂಡಿತು. ಅಮ್ಮಾರು ಆವತ್ತು ಹತ್ತು ಗಂಟೆಗೆ ಉಂಡರು.

ಹದಿನೈದು ದಿನ ಕಳೆಯುವುದರೊಳಗೆ ಮತ್ತೆ ಅದೇ ಕತೆ. ಆಗ ಧೈರ್ಯ ಮಾಡಿ ಹಿತ್ತಲ ಬಾಗಿಲಿಗೆ ಹೋದೆ.

"ಅಮ್ಮಾರೆ, ಕಾರು ಹಿಂಗೆ ನಿಂತಲ್ಲೇ ಓಡಿದ್ರೆ ಕೆಡ್ತೈತ್ರಿ. ಪ್ಲಗ್ಗಿಗೆ ಮಸಿ ಕಟ್ತಾ ಐತಿ. ವಾರಕ್ಕೊಂದು ಸಲನಾದ್ರೂ ದೂರ ಓಡಬೇಕು."

"ಎಷ್ಟು ದೂರ?"

"ಹತ್ತು ಹದಿನೈದು ಮೈಲಿ ಓಡಿದ್ರೂ ಆತ್ರಿ."

ಅವರು ಕಂಬಕ್ಕೆ ಒರಗಿ ನಿಂತರು. "ಸೊರಬಕ್ಕೆ ಹೋಗಿ ಬಾ ಹಂಗಾರೆ. ಗುರುವಾರ ಗುರುವಾರ."

ಶಿರಾಳಕೊಪ್ಪ ಮುಟ್ಟಿ ಬಂದಿದ್ದರೂ ಸಾಕಾಗಿತ್ತು. ಸೊರಬ ಅದಕ್ಕಿಂತ ಎರಡರಷ್ಟು ದೂರ. ನಾನು ಅದನ್ನು ಹೇಳಲಿಲ್ಲ. "ಅಮ್ಮಾರು ಬರ್ತೀರೇನ್ರಿ?" ಅಂದೆ.

"ನಾನ್ಯಾಕೆ? ನೀನೇ ಹೋಗಿ ಬಾ. ಮತ್ತೆ ಯಾರನ್ನೂ ಹತ್ತಿಸ್ಕಬ್ಯಾಡ. ಅವರು ಕೂರೋ ಸೀಟು ಅದು."

ಹೀಗೆ ನಾನು ಗುರುವಾರ ಗುರುವಾರ ಖಾಲಿ ಕಾರು ಓಡಿಸತೊಡಗಿದೆ. ಬೆಳಿಗ್ಗೆ ಎಂಟಕ್ಕೆ ಹೊರಟು, ಶಿರಾಳಕೊಪ್ಪ ದಾಟಿ, ಸೊರಬದ ಬಸ್ಸು ನಿಲ್ಲುವ ಜಾಗದ ಹತ್ತಿರ ಒಂದು ಹೋಟೆಲಿನಲ್ಲಿ ಚಹ ಕುಡಿದು ವಾಪಸ್ಸು. ಆಗಿನ ರಸ್ತೆಯಲ್ಲಿ ಎತ್ತಿನ ಗಾಡಿಗಳೇ ಹೆಚ್ಚು. ಮಣ್ಣು ರಸ್ತೆಯ ಎರಡೂ ಕಡೆ ಗದ್ದೆ, ನಡುನಡುವೆ ಕುರುಚಲು ಕಾಡು. ಸೊರಬದ ಕಡೆ ಹೋದಂತೆ ಮರ ದಟ್ಟವಾಗುತ್ತಿದ್ದವು. ಕಾರು ಕಂಡ ಕೂಡಲೇ ಗಾಡಿಯವರು ಪಕ್ಕಕ್ಕೆ ಸರಿದು ಕೈ ಮುಗಿಯುತ್ತಿದ್ದರು. ಪರದೆ ಅರ್ಧ ಎಳೆದೇ ಇತ್ತು. ಅಮ್ಮಾರು ಒಳಗಿದ್ದಾರೆ ಅಂತ ಅವರ ಲೆಕ್ಕ. ಮೊದಮೊದಲು ನನಗೆ ನಗು ಬರುತ್ತಿತ್ತು. ಆಮೇಲೆ ಬರಲಿಲ್ಲ. ಒಬ್ಬ ಮನುಷ್ಯ ಇದ್ದ ಜಾಗಕ್ಕೆ ಜನ ಕೈ ಮುಗಿಯುತ್ತಾರೆ, ಮುಂದೆ ಕೂತು ಗಾಡಿ ಹೊಡೆಯುವವನು ಅವರ ಕಣ್ಣಿಗೆ ಬೀಳುವುದಿಲ್ಲ.

ಒಮ್ಮೊಮ್ಮೆ ತಲೆಯ ಮೇಲೆ ಬುಟ್ಟಿ ಹೊತ್ತು ಬಿಸಿಲಲ್ಲಿ ನಡೆದು ಹೋಗುವವರು ಸಿಗುತ್ತಿದ್ದರು. ಹಿಂದೆ ಮೂರು ಜನ ಕೂರುವ ಜಾಗ ಖಾಲಿ. ನಿಲ್ಲಿಸೋಣ ಅನ್ನಿಸುತ್ತಿತ್ತು. ಮಾತಾಡುವುದಕ್ಕಾದರೂ ಒಬ್ಬರು ಸಿಗುತ್ತಾರಲ್ಲ ಎಂಬ ಆಸೆ. ಆದರೆ ನಿಲ್ಲಿಸಲಿಲ್ಲ. ಸೊರಬದ ಹೋಟೆಲಿನವನು ನಾನು ಕೂತ ಕೂಡಲೇ ಚಹ ತಂದಿಡುತ್ತಿದ್ದ, "ಅಮ್ಮೋರಿಗೆ ಕಾರಿಗೇ ಕಳಿಸ್ಲಾ?" ಅಂತ ಕೇಳುತ್ತಿದ್ದ. "ಬ್ಯಾಡ್ರಿ" ಅನ್ನುತ್ತಿದ್ದೆ. ಇಷ್ಟೇ ಆ ಊರಿನಲ್ಲಿ ನನ್ನ ಮಾತು.

ಪ್ಲಗ್ ಮಾತ್ರ ಚೆನ್ನಾದವು. ಒಂದು ತಿಂಗಳಾದ ಮೇಲೆ ಬಿಚ್ಚಿ ನೋಡಿದರೆ ಮಸಿ ಹೋಗಿ ಪಿಂಗಾಣಿ ತಿಳಿ ಕಂದು ಬಣ್ಣಕ್ಕೆ ತಿರುಗಿತ್ತು. ಇಂಜಿನು ಸರಿಯಾಗಿ ಉರಿಯುತ್ತಿದೆ ಅನ್ನುವುದಕ್ಕೆ ಅದೇ ಗುರುತು. ಆದರೆ ಅವು ಸಾಹುಕಾರರ ಕಾಲದ ಹಳೆಯ ಪ್ಲಗ್ಗುಗಳು. ತುದಿಯ ತಂತಿಗಳು ಸವೆದು ಮೂಲೆಗಳೆಲ್ಲ ದುಂಡಗಾಗಿದ್ದವು. ಸಂದಿ ಎಷ್ಟು ಸರಿಮಾಡಿದರೂ ಮತ್ತೆ ಅಗಲವಾಗುತ್ತಿತ್ತು. ಹೊಸದು ಬೇಕಾಗುತ್ತದೆ ಅಂತ ನನಗೆ ಗೊತ್ತಿತ್ತು. ಕೇಳುವುದಕ್ಕೆ ಸಂಕೋಚ. ತಾನೇ ಎಲ್ಲಿಗೂ ಹೋಗದ ಹೆಂಗಸಿನ ಹತ್ತಿರ ಕಾರಿಗೆ ಹೊಸ ಸಾಮಾನು ಬೇಕು ಅಂತ ಹೇಗೆ ಕೇಳುವುದು?

ಸೊರಬಕ್ಕೆ ಇನ್ನೂ ಸ್ವಲ್ಪ ದೂರವಿದ್ದಂತೆ ಹೊಸಬಾಳೆಯ ಕಡೆ ತಿರುಗುವ ಒಂದು ಗಾಡಿದಾರಿ ಇತ್ತು. ಆ ತಿರುವಿನಲ್ಲಿ ಗುರುವಾರ ಗುರುವಾರ ಒಬ್ಬ ಮುದುಕಿ ನಿಂತಿರುತ್ತಿದ್ದಳು. ಬಿಳಿ ಸೀರೆ, ತಲೆಯ ಮೇಲೆ ಸೆರಗು. ಬಸ್ಸಿಗೆ ಕಾಯುವವಳು ಅಂದುಕೊಂಡಿದ್ದೆ. ಹೋಗುವಾಗಲೂ ಇರುತ್ತಿದ್ದಳು, ಬರುವಾಗಲೂ ಇರುತ್ತಿದ್ದಳು. ನಡುವೆ ಬಸ್ಸೊಂದು ನನ್ನೆದುರೇ ಹೋಗಿದ್ದರೂ ಹತ್ತದೆ ನಿಂತಿದ್ದಳು ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಮಳೆಗಾಲ ಕಳೆದು ಕೊಯ್ಲು ಶುರುವಾಗಿದ್ದ ಕಾಲ. ಸೊರಬದಿಂದ ವಾಪಸ್ಸು ಬರುವಾಗ ಏರಿನಲ್ಲಿ ಇಂಜಿನು ಕುಂಟತೊಡಗಿತು. ಹೊಸಬಾಳೆಯ ತಿರುವಿನ ಹತ್ತಿರ ನಿಂತೇ ಹೋಯಿತು. ಕೆಳಗಿಳಿದು ಬಾನೆಟ್ ಎತ್ತಿದೆ. ಹೇಗೋ ಮತ್ತೆ ಚಾಲೂ ಮಾಡಿ, ಮರದ ಹಿಡಿಯ ಸ್ಕ್ರೂಡ್ರೈವರಿನಿಂದ ಒಂದೊಂದೇ ಪ್ಲಗ್ಗಿನ ಕರೆಂಟು ತಪ್ಪಿಸಿ ನೋಡಿದೆ. ಸರಿಯಿದ್ದ ಪ್ಲಗ್ಗಿನದು ತಪ್ಪಿಸಿದಾಗ ಇಂಜಿನಿನ ಸದ್ದು ಕುಗ್ಗುತ್ತಿತ್ತು, ಮೂರನೆಯದರಲ್ಲಿ ಬದಲಾಗಲಿಲ್ಲ. ಅಂದರೆ ಅದು ಆಗಲೇ ಸತ್ತಿತ್ತು. ಆರಿಸಿದೆ. ಪ್ಲಗ್ ಕೆಂಡದಷ್ಟು ಕಾದಿರುತ್ತದೆ, ಆರುವವರೆಗೆ ಬಿಚ್ಚುವ ಹಾಗಿಲ್ಲ. ರಸ್ತೆಯ ಪಕ್ಕ ಕೂತೆ.

ಆ ಮುದುಕಿ ಮೆಲ್ಲಗೆ ಹತ್ತಿರ ಬಂದಳು. ನನ್ನ ಕಡೆ ನೋಡಲಿಲ್ಲ. ನೇರ ಹಿಂದಿನ ಕಿಟಕಿಗೆ ಹೋಗಿ, ಎರಡೂ ಕೈ ಕಣ್ಣಿನ ಪಕ್ಕ ಹಿಡಿದು, ಪರದೆಯ ಸಂದಿಯಿಂದ ಒಳಗೆ ಇಣುಕಿದಳು. ತುಂಬಾ ಹೊತ್ತು ಹಾಗೇ ನಿಂತಳು.

"ಯಾರೂ ಇಲ್ಲವನಾ?" ಅಂದಳು.

"ಯಾರೂ ಇಲ್ಲ ಅಜ್ಜಿ. ಖಾಲಿ ಕಾರು."

"ಅವಳು ಬರ್ಲಿಲ್ಲವನಾ ಇವತ್ತು?"

"ಯಾರು?"

"ನಿಮ್ಮ ಅಮ್ಮ. ನಮ್ಮ ನಾದಿನಿ."

ನಾನು ಎದ್ದು ನಿಂತೆ. "ಅಮ್ಮಾರು ಯಾವತ್ತೂ ಬಂದಿಲ್ಲ ಅಜ್ಜಿ. ನಾನೊಬ್ಬನೇ ಬರೋದು. ಇಂಜಿನು ಕೆಡಬಾರ್ದು ಅಂತ ಓಡಿಸ್ಕೊಂಡು ಬರ್ತೀನಿ, ಅಷ್ಟೇ."

ಅವಳು ಅಲ್ಲೇ ರಸ್ತೆಯ ಅಂಚಿನಲ್ಲಿ ಕುಕ್ಕರಿಸಿದಳು. "ನಾನು ಇಷ್ಟು ವಾರ ಅವಳು ಒಳಗೆ ಕೂತಾಳೆ ಅಂತ ಮಾಡಿದ್ದೆ ಮಾರಾಯ. ಕೂತ್ಕಂಡು, ನನ್ನ ನೋಡ್ಕಂಡು, ನಿಲ್ಲಿಸದೆ ಹೋಗ್ತಾಳೆ ಅಂತ. ಹೋಗಲಿ, ಒಂದಿನ ನಿಲ್ಲಿಸ್ತಾಳೆ ಅಂತ ಬಂದು ನಿಲ್ತಿದ್ದೆ."

ಪ್ಲಗ್ ಆರುವವರೆಗೆ ಅವಳು ಮಾತಾಡಿದಳು. ಅಮ್ಮಾರ ತವರು ಹೊಸಬಾಳೆ. ಈಕೆ ಅವರ ಅಣ್ಣನ ಹೆಂಡತಿ. ಅಣ್ಣ ತೀರಿಕೊಂಡು ನಾಲ್ಕು ವರ್ಷ. ಆಗ ಇದೇ ಕಾರಿನಲ್ಲಿ ಸಾಹುಕಾರರು ಒಬ್ಬರೇ ಬಂದಿದ್ದರಂತೆ, ಅಮ್ಮಾರು ಬರಲಿಲ್ಲವಂತೆ. ಆಗ ನಾನಿನ್ನೂ ಆ ಮನೆಗೆ ಸೇರಿರಲಿಲ್ಲ. ಇದ್ದ ಒಬ್ಬಳು ಮಗಳನ್ನು ಹಾನಗಲ್ಲಿನ ಕಡೆ ಕೊಟ್ಟಿದ್ದಳು. ಈಗ ಮನೆಯಲ್ಲಿ ತಾನೊಬ್ಬಳೇ.

"ಸಾಹುಕಾರರು ಹೋದಾಗ ನಾನು ಬಂದಿದ್ನಪ್ಪ ಶಿಕಾರಿಪುರಕ್ಕೆ. ಪಡಸಾಲೆ ತುಂಬ ಜನ. ಮೂಲೇಲಿ ಕೂತಿದ್ದೆ. ಅವಳು ತಲೆ ಎತ್ತಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಎದ್ದು ಬಂದೆ."

"ಮಾತಾಡ್ಸಬೇಕಿತ್ತು ಅಜ್ಜಿ."

"ನಾನು ಯಾವ ಬಾಯಲ್ಲಿ ಮಾತಾಡ್ಸಲಿ?" ಅಂದಳು. ಯಾಕೆ ಅಂತ ಹೇಳಲಿಲ್ಲ.

ಮೂರನೆಯ ಪ್ಲಗ್ ಬಿಚ್ಚಿದೆ. ಪಿಂಗಾಣಿ ಉದ್ದಕ್ಕೆ ಸೀಳಿತ್ತು. ಅದಕ್ಕೆ ಮದ್ದಿಲ್ಲ. ಹಾಗೆಯೇ ಹಾಕಿ, ಮೂರೇ ಸಿಲಿಂಡರಿನ ಮೇಲೆ ಗಾಡಿಯನ್ನು ಕೈಹಿಡಿದು ನಡೆಸಿಕೊಂಡು ಬಂದಂತೆ ಮೆಲ್ಲಗೆ ಶಿಕಾರಿಪುರಕ್ಕೆ ತಂದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಹೇಳಬೇಕೋ ಬೇಡವೋ? ಆ ಮನೆಯಲ್ಲಿ ನನಗೆ ಅಂಥ ಮಾತಿನ ಬಳಕೆ ಇರಲಿಲ್ಲ. ಹೇಳದಿದ್ದರೆ ಮುಂದಿನ ಗುರುವಾರ ಆ ತಿರುವು ದಾಟುವುದಾದರೂ ಹೇಗೆ?

ಸಂಜೆಗೆ ಮುಂಚೆ ಹಿತ್ತಲ ಬಾಗಿಲಿಗೆ ಹೋದೆ. ಅಮ್ಮಾರು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಪ್ಲಗ್ ಒಡೆದದ್ದು ಹೇಳಿದೆ. ಕಾರು ನಿಂತದ್ದು ಎಲ್ಲಿ ಅಂತ ಕೇಳಿದರು. ಹೇಳಿದೆ. ಮೊರದ ಮೇಲಿನ ಕೈ ನಿಂತಿತು. ಆಮೇಲೆ ಆ ಮುದುಕಿ ಆಡಿದ ಮಾತನ್ನೆಲ್ಲ ಒಂದೂ ಬಿಡದೆ ಹೇಳಿದೆ. ಮುಗಿದ ಮೇಲೆ ಅಮ್ಮಾರು ಮೊರ ಎತ್ತಿಕೊಂಡು ಒಳಗೆ ಹೋದರು.

ಮಾರನೆಯ ದಿನ ಎಂಟಕ್ಕೆ ಶೆಡ್ಡಿನ ಬಾಗಿಲು ತೆಗೆದೆ. ಅಡುಗೆಯವಳು ಬಂದು, "ಚಾಲೂ ಮಾಡೋದು ಬ್ಯಾಡಂತೆ" ಅಂದಳು. ಅದರ ಮಾರನೆಯ ದಿನವೂ ಹಾಗೇ. ಆಡಬಾರದ್ದನ್ನು ಆಡಿದೆ, ಇನ್ನು ನನ್ನ ಅನ್ನ ತೀರಿತು ಅಂದುಕೊಂಡೆ. ನಾಲ್ಕನೆಯ ದಿನ ಅಮ್ಮಾರೇ ಬಂದರು. ನಾನು ಆ ಮನೆಯಲ್ಲಿದ್ದಷ್ಟು ಕಾಲ ಅವರು ಶೆಡ್ಡಿನೊಳಗೆ ಕಾಲಿಟ್ಟದ್ದು ಅದೇ ಮೊದಲು.

"ಪ್ಲಗ್ಗು ಹೊಸದು ಎಲ್ಲಿ ಸಿಗ್ತಾವೆ?"

"ಶಿವಮೊಗ್ಗೆಗೆ ಹೋಗ್ಬೇಕ್ರಿ."

"ಹೋಗಿ ತಗಂಬಾ. ನಾಲ್ಕೂ ಹೊಸದು ಹಾಕು."

ಬಸ್ಸಿನಲ್ಲಿ ಹೋಗಿ ತಂದೆ. ಹಾಕುವಾಗ ಅಮ್ಮಾರು ಮತ್ತೆ ಬಂದು ಬಾಗಿಲ ಹತ್ತಿರ ನಿಂತರು. ಹಳೆಯ ಪ್ಲಗ್ಗೊಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಹೊಸದನ್ನು ಪಕ್ಕಕ್ಕೆ ಹಿಡಿದು ತೋರಿಸಿದೆ. ಹೊಸದರ ತುದಿ ಚೂಪು ಮೂಲೆ, ಹಳೆಯದು ಚೀಪಿದ ಹಾಗೆ ದುಂಡಗೆ.

"ಇದು ಎಂತರಿಂದ ಸವೆಯೋದು? ಉಜ್ಜೋದರಿಂದನಾ?"

"ಅಲ್ರಿ. ಕಿಡಿ ಹಾರಿ ಹಾರಿ ಸವೆಯುತ್ತೆ. ಒಂದೊಂದು ಕಿಡಿಗೂ ಕಣ್ಣಿಗೆ ಕಾಣದಷ್ಟು ಲೋಹ ಹೋಗ್ತೈತಿ."

"ಕಿಡಿ ನಾನು ನೋಡೇ ಇಲ್ಲ."

ನಾನು ಒಂದು ಹೊಸ ಪ್ಲಗ್ಗಿಗೆ ತಂತಿ ಸಿಕ್ಕಿಸಿ ಇಂಜಿನಿನ ಮೇಲೆ ಒರಗಿಸಿಟ್ಟು, "ಇದರ ಮೂತಿ ನೋಡ್ತಿರ್ರಿ, ನಾನು ತಿರುಗಿಸ್ತೀನಿ" ಅಂದು ಮುಂದೆ ಹೋಗಿ ಹ್ಯಾಂಡಲ್ ಹಾಕಿದೆ. ಅಮ್ಮಾರು ಸೆರಗು ಸಿಕ್ಕಿಸಿಕೊಂಡು ಬಗ್ಗಿದರು. ತಿರುಗಿಸಿದೆ.

"ಬಂತಾ ಅಮ್ಮಾರೆ?"

"ಬಂತು. ನೀಲಿ ಬಣ್ಣ."

"ದಪ್ಪಗೆ ಬಂತೋ, ಸಣ್ಣಗೋ?"

"ಇನ್ನೊಂದು ಸಲ ತಿರುಗಿಸು" ಅಂದರು.

ನಾಲ್ಕೂ ಪ್ಲಗ್ಗನ್ನು ಹಾಗೆ ಒಂದೊಂದಾಗಿ ನೋಡಿದೆವು. ಆ ಕೆಲಸಕ್ಕೆ ನನಗೆ ಜೊತೆಗೊಬ್ಬರು ಸಿಕ್ಕಿ ವರ್ಷಗಳೇ ಆಗಿದ್ದವು. ಕೊನೆಯದನ್ನು ಬಿಗಿಮಾಡುತ್ತಿದ್ದಾಗ ಅಮ್ಮಾರು ಕೇಳಿದರು, "ಇನ್ನು ನಡುದಾರೀಲಿ ನಿಲ್ಲಲ್ಲ ತಾನೆ?"

"ನಿಲ್ಲಲ್ರಿ."

"ಗುರುವಾರ ನಾನೂ ಬರ್ತೀನಿ."

ಗುರುವಾರ ಅವರು ಬಂದು ಸಾಹುಕಾರರ ಮೂಲೆ ಬಿಟ್ಟು ಈ ಬದಿಯಲ್ಲಿ, ನನ್ನ ಬೆನ್ನ ಹಿಂದೆ ಕೂತರು. ತೊಡೆಯ ಮೇಲೆ ಒಂದು ಸಣ್ಣ ಗಂಟು. ಪರದೆ ಪೂರ್ತಿ ಸರಿಸಿದರು. ಶಿರಾಳಕೊಪ್ಪ ದಾಟಿದ ಮೇಲೆ ತಾವಾಗಿಯೇ ಹೇಳತೊಡಗಿದರು. ನನಗೆ ಹೇಳಿದರೋ ತಮಗೆ ತಾವೇ ಹೇಳಿಕೊಂಡರೋ ತಿಳಿಯಲಿಲ್ಲ.

ಅತ್ತಿಗೆಗೆ ಹೆಣ್ಣು ಮಗುವಾದಾಗ ತೊಟ್ಟಿಲು ಹಾಕುವುದಕ್ಕೆ ಇವರು ಹೋಗಿದ್ದರಂತೆ. ಇವರಿಗೆ ಮದುವೆಯಾಗಿ ಹತ್ತು ವರ್ಷವಾದರೂ ಮಕ್ಕಳಿರಲಿಲ್ಲ. ಮಗುವನ್ನು ಎತ್ತಿ ತೊಟ್ಟಿಲಿಗೆ ಹಾಕಲು ಕೈ ಚಾಚಿದಾಗ ಅತ್ತಿಗೆಯ ತಾಯಿ, "ನೀನು ಮುಟ್ಟಬ್ಯಾಡ ತಾಯಿ" ಅಂದು ತಡೆದಳಂತೆ. ಎಲ್ಲರೆದುರಿಗೆ.

"ಅತ್ತಿಗೆ ತಾಯಿ ಅಂದದ್ದಕ್ಕೆ ನಂಗೆ ಬೇಜಾರಿಲ್ಲ. ನಮ್ಮ ಅತ್ತಿಗೆ ಅಲ್ಲೇ ಕೂತಿದ್ದಳು. ಒಂದು ಮಾತು ಆಡಲಿಲ್ಲ. ಕೆಳಗೆ ನೋಡ್ಕಂಡು ಕೂತಳು." ಆಮೇಲೆ ಅಂದರು, "ಇಪ್ಪತ್ತು ವರ್ಷಕ್ಕೂ ಮೇಲಾತು. ಅಣ್ಣ ಹೋದಾಗಲೂ ಬರಲಿಲ್ಲ ನಾನು. ಅದು ನಾನು ಮಾಡಿದ್ದು."

ಇಂಜಿನು ಒಂದೇ ಸಮನೆ ಓಡುತ್ತಿತ್ತು. ನಾನು "ಹೂಂ ರೀ" ಅಂದೆ.

ತಿರುವಿನಲ್ಲಿ ಆವತ್ತು ಯಾರೂ ಇರಲಿಲ್ಲ. ಅಮ್ಮಾರ ಮುಖ ಇಳಿಯಿತು. "ಇನ್ನೆಂತಕ್ಕೆ ಬಂದು ನಿಲ್ತಾಳೆ? ಖಾಲಿ ಕಾರು ಅಂತ ಗೊತ್ತಾತಲ್ಲ" ಅಂದರು. ನಾನು ಗಾಡಿದಾರಿಗೆ ತಿರುಗಿಸಿದೆ. ಹೊಂಡದ ಮೇಲೆ ಹೊಂಡ. ಊರೊಳಗೆ ಹೋದಾಗ ಒಂದು ಕಣದಲ್ಲಿ ಹುಲ್ಲು ಒಣಗಿಸುತ್ತಿದ್ದ ಆಕೆ ಕಾರಿನ ಸದ್ದಿಗೆ ತಿರುಗಿದಳು. ಅಮ್ಮಾರು ನಾನು ಬಾಗಿಲು ತೆಗೆಯುವವರೆಗೆ ಕಾಯಲಿಲ್ಲ, ತಾವೇ ಇಳಿದರು. ಇಬ್ಬರೂ ನಾಲ್ಕು ಹೆಜ್ಜೆ ದೂರದಲ್ಲಿ ನಿಂತುಕೊಂಡರು. ಅಳು, ಅಪ್ಪಿಕೊಳ್ಳುವುದು ಏನೂ ನಡೆಯಲಿಲ್ಲ.

"ಎಷ್ಟು ಸೊರಗಿದೀಯೆ ಅತ್ತಿಗೆ" ಅಂದರು ಅಮ್ಮಾರು.

"ಬಿಸಿಲು. ಒಳಗೆ ಬಾ" ಅಂದಳು ಆಕೆ.

ನಾನು ಕಾರನ್ನು ನೆರಳಿಗೆ ನಿಲ್ಲಿಸಿ ಕೂತೆ. ಒಳಗಿನಿಂದ ಪಾತ್ರೆಯ ಸದ್ದು, ನಡುನಡುವೆ ಇಬ್ಬರ ದನಿ. ಏನು ಮಾತು ಅಂತ ಕೇಳಿಸುತ್ತಿರಲಿಲ್ಲ. ಆಮೇಲೆ ಯಾರೋ ಮೂಗು ಸೀಟಿದರು. ಆ ಅಜ್ಜಿ ನನಗೆ ಜಗಲಿಯ ಮೇಲೆ ಊಟಕ್ಕಿಟ್ಟಳು, ಬಿಸಿ ಅನ್ನ, ಹುರುಳಿ ಸಾರು. ಉಂಡು ಕೈ ತೊಳೆಯುವಾಗ ಅಮ್ಮಾರು ಹೊರಗೆ ಬಂದರು. ಅವರ ಕಣ್ಣು ಕೆಂಪಾಗಿದ್ದವು.

"ನಾನು ಎಂಟು ದಿನ ಇಲ್ಲೇ ಇದ್ದು ಬರ್ತೀನಿ. ನೀನು ಹೋಗು."

"ಮುಂದಿನ ಗುರುವಾರ ಬರ್ಲೇನ್ರಿ?"

"ಹೇಳಿ ಕಳಿಸ್ತೀನಿ."

ಅದೇ ದಾರಿಯಲ್ಲಿ ಅಷ್ಟು ವಾರ ಒಬ್ಬನೇ ಓಡಾಡಿದ್ದೆ. ಆವತ್ತಿನಷ್ಟು ಒಂಟಿ ಅನ್ನಿಸಿರಲಿಲ್ಲ. ಒಳ್ಳೆಯ ಕೆಲಸವಾಯಿತು ಅಂತ ಸಂತೋಷ ಇತ್ತು, ಇಲ್ಲ ಅಂತಲ್ಲ. ಆದರೂ ಶಿರಾಳಕೊಪ್ಪ ದಾಟುವಷ್ಟರಲ್ಲಿ ಎರಡು ಸಲ ಹಿಂದಿನ ಸೀಟಿನ ಕಡೆ ತಿರುಗಿ ನೋಡಿದ್ದೆ. ಇಷ್ಟು ದಿನ ಆ ಮನೆಯಲ್ಲಿ ಗೋಡೆಯ ಆಚೆ ಅವರು, ಈಚೆ ನಾನು, ಇಬ್ಬರೂ ಒಂದೇ ತರದವರು ಅಂತ ಹೇಗೋ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಅವರಿಗೆ ಅದು ಗೊತ್ತೂ ಇರಲಿಲ್ಲ.

ಎಂಟು ದಿನ ಹದಿನೈದಾಯಿತು, ತಿಂಗಳಾಯಿತು. ಹೇಳಿ ಕಳಿಸಲಿಲ್ಲ. ನಾನು ಬೆಳಿಗ್ಗೆ ಎಂಟಕ್ಕೆ ಎದ್ದು ಹೋಗಿ ಕಾರು ಚಾಲೂ ಮಾಡುತ್ತಿದ್ದೆ. ಒಳಗೆ ಕೇಳುವವರು ಇರಲಿಲ್ಲ. ಅಡುಗೆಯವಳೂ ಕೆಲಸ ಬಿಟ್ಟು ಹೋಗಿದ್ದಳು. ಒಂದು ದಿನ ಸಾಹುಕಾರರ ತಮ್ಮನ ಮಗ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತ. ಅವನು ಕೆಟ್ಟವನಲ್ಲ, ಮೆತ್ತಗೇ ಹೇಳಿದ.

"ಯಾರಿಗಂತ ಚಾಲೂ ಮಾಡ್ತೀಯೋ? ದೊಡ್ಡವ್ವ ಅಲ್ಲೇ ಇರ್ತಾಳಂತೆ. ಕಾರು ಮಾರಿಬಿಡು ಅಂದಾಳೆ."

"ನನಗೇನಾದ್ರೂ ಹೇಳಿದ್ರೇನ್ರಿ?"

ಅವನು ಯೋಚಿಸಿದ. "ಇಲ್ಲ" ಅಂದ. ಆಮೇಲೆ, "ಗಡಿಬಿಡೀಲಿದ್ದಳು. ಕೊಯ್ಲಿನ ಕಾಲ ಅಲ್ಲೇನೋ" ಅಂತ ಸೇರಿಸಿದ.

ಸಾಗರದ ಕಡೆಯ ಕಂಟ್ರಾಕ್ಟರೊಬ್ಬರು ಬಂದು ಕಾರು ತೆಗೆದುಕೊಂಡರು. ಅವರಿಗೆ ಅವರದೇ ಡ್ರೈವರಿದ್ದ. ನಾನು ಅವನಿಗೆ ಕಾರಿನ ಸ್ವಭಾವವನ್ನೆಲ್ಲ ಹೇಳಿದೆ, ಚಳಿಯಲ್ಲಿ ಚೋಕು ಎಷ್ಟು ಎಳೆಯಬೇಕು, ಎಷ್ಟು ಮೈಲಿಗೊಮ್ಮೆ ಪ್ಲಗ್ ಬಿಚ್ಚಿ ಸಂದಿ ನೋಡಬೇಕು ಅಂತ. ಅವನು ಬೀಡಿ ಸೇದುತ್ತಾ, ಹೂಂ ಹೂಂ ಅನ್ನುತ್ತಿದ್ದ. ಕೇಳಿಸಿಕೊಳ್ಳುತ್ತಿರಲಿಲ್ಲ.

ನಾನು ಶಿರಾಳಕೊಪ್ಪದಲ್ಲಿ ಒಬ್ಬ ಬಸ್ ಮಾಲೀಕರ ಹತ್ತಿರ ಸೇರಿದೆ. ಆಗಷ್ಟೇ ಬಂದಿದ್ದ ಡೀಸೆಲ್ ಗಾಡಿ. ಅದಕ್ಕೆ ಪ್ಲಗ್ಗೇ ಇಲ್ಲ, ಕಿಡಿಯೂ ಬೇಡ. ಮೊದಲ ದಿನ ಬಾನೆಟ್ ತೆಗೆದು ಸುಮ್ಮನೆ ನೋಡುತ್ತಾ ನಿಂತಿದ್ದೆ. ನನ್ನನ್ನು ಶಿವಮೊಗ್ಗೆಯ ದಾರಿಗೆ ಹಾಕಿದರು. ಸೊರಬದ ಕಡೆ ಹೋಗುವ ಕೆಲಸ ಬೀಳಲಿಲ್ಲ. ಬಸ್ಸಿನ ತುಂಬ ಜನ, ದಿನವಿಡೀ ಗದ್ದಲ. ಡ್ರೈವರಿನ ಹತ್ತಿರ ಮಾತಾಡಬೇಡಿ ಅಂತ ಮೇಲೆ ಬರೆದಿರುತ್ತಿತ್ತು.

ಬೇಸಿಗೆಯಲ್ಲಿ ಒಂದು ದಿನ ರಜೆ ಸಿಕ್ಕಿದಾಗ ಹೊಸಬಾಳೆಗೆ ಹೋದೆ. ತಿರುವಿನಲ್ಲಿ ಇಳಿದು ನಡೆದುಕೊಂಡು ಹೋದೆ. ಅಮ್ಮಾರು ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದರು. ಹಾನಗಲ್ಲಿನಿಂದ ಅಣ್ಣನ ಮಗಳು ಬಂದಿದ್ದಳು. ಅವಳ ಕೂಸು ಇವರ ಕಾಲಿನ ಹತ್ತಿರ ಅಂಬೆಗಾಲಿಕ್ಕುತ್ತಿತ್ತು. ನನ್ನನ್ನು ನೋಡಿ ಒಂದು ಗಳಿಗೆ ಗುರುತು ಹತ್ತದೆ, ಆಮೇಲೆ, "ಓ, ನೀನಾ! ಬಾ ಬಾ, ಕೂರು" ಅಂದರು. ಮೈ ತುಂಬಿಕೊಂಡಿದ್ದರು. ಎಲ್ಲಿ ಕೆಲಸ, ಊಟಕ್ಕೇನು ವ್ಯವಸ್ಥೆ, ಮತ್ತೆ ಮದುವೆ ಮಾಡಿಕೊಳ್ಳಬಾರದಾ ಅಂತೆಲ್ಲ ವಿಚಾರಿಸಿದರು. ನಾನು ಒಂದೊಂದಕ್ಕೂ ಉತ್ತರ ಹೇಳಿದೆ. ಹೇಳುತ್ತಿರುವಾಗ ಕೂಸು ಹಪ್ಪಳದ ಮೇಲೆ ಕೈ ಊರಿತು. ಅವರು, "ಅಯ್ಯಯ್ಯೋ, ಹಿಡಿಯೇ ಅದನ್ನ" ಅನ್ನುತ್ತಾ ಎದ್ದು ಹೋದರು.

ಊಟ ಮಾಡಿಸಿಯೇ ಕಳಿಸಿದರು. ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ಅಲ್ಲೇ ಕೂತಿರಬಹುದಿತ್ತು, ಯಾರೂ ಏಳು ಅನ್ನುತ್ತಿರಲಿಲ್ಲ. "ಸೊರಬದಾಗೆ ಸ್ವಲ್ಪ ಕೆಲಸ ಐತ್ರಿ" ಅಂದು ಎದ್ದೆ. ಕೆಲಸ ಏನೂ ಇರಲಿಲ್ಲ. ಬಿಸಿಲಲ್ಲಿ ನಡೆದೇ ಹೋದೆ. ಅರ್ಧ ದಾರಿಯಲ್ಲಿ ಹುಲ್ಲಿನ ಗಾಡಿಯವನೊಬ್ಬ ನಿಲ್ಲಿಸಿ, "ಹತ್ರೀ, ಎಲ್ಲಿಗೆ?" ಅಂತ ಕೇಳಿದ. ಹತ್ತಿ ಅವನ ಪಕ್ಕ ಕೂತೆ. ಅವನು ತನ್ನ ಎತ್ತಿಗೆ ಬಂದ ಕಾಲುಬೇನೆಯ ವಿಷಯ ಹೇಳತೊಡಗಿದ. ಸೊರಬ ಬರುವವರೆಗೂ ಹೇಳಿದ. ನಾನು ಕೇಳಿಕೊಂಡು ಹೋದೆ.